ಒಂಟಿ ಕೀಲಿ

ಬೇರೆಯವರು ಮಾಡಿಟ್ಟ ಕೆಲಸವನ್ನು ಬಿಚ್ಚಿ ನೋಡುವುದಿದೆಯಲ್ಲ, ನನ್ನ ಕಸುಬಿನಲ್ಲಿ ಅದರಷ್ಟು ಹೇಸಿಗೆ ಹುಟ್ಟಿಸುವುದು ಬೇರೊಂದಿಲ್ಲ. ಕಂಪ್ಯೂಟರಿನ ಡಬ್ಬ ತೆಗೆದರೆ ಸತ್ತ ಜಿರಳೆ, ಇಲಿಯ ಹಿಕ್ಕೆ, ಹೇಗೆ ಒಳಗೆ ಬಂತೋ ಗೊತ್ತಾಗದ ಗುಟ್ಕಾ ಚೀಟಿ. ಅದನ್ನಾದರೂ ಬ್ರಶ್ಶಿನಿಂದ ಗುಡಿಸಬಹುದು. ಮನುಷ್ಯರು ಬೇಕೆಂದೇ ಮಾಡಿಟ್ಟ ಹೊಲಸನ್ನು ಗುಡಿಸುವ ಬ್ರಶ್ಶು ನನ್ನ ಚೀಲದಲ್ಲಿ ಇರಲಿಲ್ಲ. ಸವದತ್ತಿಯ ಒಂದು ಮನೆಯಲ್ಲಿ ನಾನು ಮೂರು ಸಲ ಹೋಗಿ ಗುದ್ದಾಡಿದ್ದು ಅಂಥದೊಂದರ ಜೊತೆಗೆ.

ಬ್ರಾಡ್‌ಬ್ಯಾಂಡ್ ನಮ್ಮ ಕಡೆಯ ತಾಲೂಕು ಊರುಗಳಿಗೆ ಬಂದು ಮೂರು ವರ್ಷವಾಗಿತ್ತು. ಬೈಲಹೊಂಗಲದ ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೆ ಮುಂಚೆ ಅದೇ ಊರಿನ ಬೇರೊಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಂದು ಗುರುವಾರ ಬೆಳಿಗ್ಗೆ ಸವದತ್ತಿಯಿಂದ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ.

“ಸರ, ನಮ್ಮ ಮನ್ಯಾಗ ಟಿವಿ ಡಬ್ಬಿ ಐತ್ರಿ, ಇಂಟರ್ನೆಟ್ಟಿಂದು. ತಿಂಗಳಾತು, ಬಂದ್ ಬಿದ್ದೈತಿ. ನೀವ ಬರಬೇಕ್ರಿ.”

“ಅಮ್ಮಾ, ಸವದತ್ತ್ಯಾಗನ ಯಾರರ ಇರತಾರಲ್ರಿ. ಅವರನ್ನ ಕರಸ್ರಿ.”

“ಇಬ್ರು ಬಂದ್ ಹೋದ್ರು. ಡಬ್ಬಿ ಕೆಟ್ಟೈತಿ, ಒಗೀರಿ ಅಂದ್ರು. ನಿಮ್ಮ ನಂಬರ್ ಹುಡುಕಿಸಿ ತಗೊಂಡೇನ್ರಿ. ನೀವ ಬರ್ರಿ.”

ಆ ‘ನೀವ’ ಎಂಬುದನ್ನು ಅವರು ಒತ್ತಿ ಹೇಳಿದರು. ನನ್ನ ಹೆಸರು ಸವದತ್ತಿಯವರೆಗೂ ಹೋಗಿದೆ ಎಂದು ಒಳಗೊಳಗೇ ಉಬ್ಬಿದೆ. ಉಬ್ಬಿದ್ದಕ್ಕೇ ಹೊರಟೆ, ಇಲ್ಲದಿದ್ದರೆ ಒಂದು ಡಬ್ಬಿಗಾಗಿ ಅಷ್ಟು ದೂರ ಯಾರು ಹೋಗುತ್ತಾರೆ?

ದೇವಿಯ ದರ್ಶನಕ್ಕೆ ಗುಡ್ಡಕ್ಕೆ ಹೋಗುವವರಿಂದ ಬಸ್ಸು ಗಿಜಿಗುಡುತ್ತಿತ್ತು. ಹೇಗೋ ಕಿಟಕಿ ಪಕ್ಕ ಸೀಟು ಸಿಕ್ಕಿತು ಅಂದುಕೊಂಡರೆ, ಮುಂದಿನ ಸೀಟಿನವನು ಕಿಟಕಿಯಾಚೆ ಉಗಿದದ್ದು ಗಾಳಿಗೆ ತಿರುಗಿ ನನ್ನ ತೋಳಿನ ಮೇಲೆ ಬಂದು ಕೂತಿತು. ಹೇಳಿದರೆ, “ಗಾಳಿಗೆ ನಾ ಏನ್ ಮಾಡ್ಲಿ?” ಅಂದ. ತೋಳು ಒರೆಸಿಕೊಳ್ಳುತ್ತಾ ಸವದತ್ತಿ ಮುಟ್ಟುವಷ್ಟರಲ್ಲಿ ನನ್ನ ತಲೆ ಕಾದ ತವೆಯಾಗಿತ್ತು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮನೆ. ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು, ಅದರ ವಾಸನೆ ಇನ್ನೂ ಹೋಗಿರಲಿಲ್ಲ. ಮನೆಯಲ್ಲಿ ಮೂರೇ ಮಂದಿ. ಫೋನ್ ಮಾಡಿದ್ದ ಹಿರಿಯಾಕೆ, ಅವರ ಸೊಸೆ, ಎರಡು ವರ್ಷ ದಾಟಿದ ಮೊಮ್ಮಗಳು. ಹಿರಿಯಾಕೆಯ ಮಗ ದಮ್ಮಾಮಿನಲ್ಲಿ ಟ್ರೇಲರ್ ಓಡಿಸುತ್ತಾನೆ. ಅವನು ಹೋದಾಗ ಸೊಸೆ ಬಸುರಿ. ಮಗುವನ್ನು ಅವನು ಇನ್ನೂ ಕಣ್ಣಾರೆ ನೋಡಿಲ್ಲ. ನಾನು ಚೀಲ ಬಿಚ್ಚುವಾಗ ಸೊಸೆ ಇದನ್ನೆಲ್ಲ ಬಾಗಿಲ ಮರೆಯಿಂದ ಹೇಳಿದಳು.

“ಡಬ್ಬಿ ಅವರ ಕಳಿಸಿದ್ರಿ, ಅಣ್ಣಾರ. ಪ್ರತಿ ಶುಕ್ರವಾರ ಒಂದ್ ಸಣ್ಣ ವಿಡಿಯೊ ಹಾಕ್ತಾರ. ಗಾಡಿ ಕ್ಯಾಬಿನ್ನ್ಯಾಗ ಕುಂತು ಕೂಸಿನ ಜೋಡಿ ಮಾತಾಡತಾರ, ಕಡೀಗೆ ಬಾಯಿಂದ ಪೋಂವ್ ಅಂತ ಹಾರ್ನ್ ಹೊಡೀತಾರ. ಇದೂ ಟಿವಿ ಮುಂದ ನಿಂತು ಪೋಂವ್ ಅಂತಿತ್ತು. ಈಗ ತಿಂಗಳಾತು ಇಲ್ಲ. ಫೋಟೊ ತೋರಿಸಿದ್ರ ‘ಯಾರು?’ ಅಂತೈತ್ರಿ.”

“ಅವ್ರು ಯಾವಾಗ ಬರ್ತಾರ್ರಿ?”

“ನಾಳೆ ಬಿಟ್ಟು ಬರೂ ಶುಕ್ರವಾರ. ಮೂರ ವಾರ ಸೂಟಿ. ಬಾಜೂ ಮನಿಯವ್ರು ದುಬೈದಿಂದ ಬಂದಾಗ ಅವರ ಕೂಸು ಹದಿನೈದು ದಿನ ಹಂತ್ಯಾಕ ಹೋಗಲಿಲ್ರಿ, ನೋಡಿದ ಕೂಡ್ಲೆ ಚೀರತಿತ್ತು. ಒಗ್ಗೂದರಾಗ ಸೂಟಿ ಮುಗೀತು. ನಮ್ಮನ್ಯಾಗ ಹಂಗ ಆಗಬಾರ್ದ್ರಿ, ಅಣ್ಣಾರ.”

ಹಾಗಾಗಿ ನನ್ನ ಕೈಯಲ್ಲಿದ್ದದ್ದು ಎಂಟು ದಿನ. ಅದರೊಳಗೆ ಆ ಮಗು ಅಪ್ಪನ ಮುಖವನ್ನು ಮತ್ತೆ ನೋಡಿ ಬಾಯಿಪಾಠ ಮಾಡಿಕೊಳ್ಳಬೇಕಿತ್ತು.

ಮೊದಲು ಡಬ್ಬಿ. ಊಟದ ಡಬ್ಬಿಯಷ್ಟು ದೊಡ್ಡ ಕರಿಯ ಮೀಡಿಯಾ ಪ್ಲೇಯರ್. ಒಂದು ಕಡೆ ಟಿವಿಗೆ ಹೋಗುವ ಮೂರು ಬಣ್ಣದ ವೈರು, ಇನ್ನೊಂದು ಕಡೆ ಮೋಡೆಮ್ಮಿಗೆ ಹೋಗುವ ಕೇಬಲ್. ನನ್ನ ಪೆನ್ ಡ್ರೈವ್ ಸಿಕ್ಕಿಸಿ ಒಂದು ವಿಡಿಯೊ ಹಾಕಿದೆ. ಚೆನ್ನಾಗಿ ಓಡಿತು. ಒಗೆಯಿರಿ ಎಂದು ಹೇಳಿ ಹೋದ ಆ ಇಬ್ಬರು ಇಷ್ಟನ್ನೂ ಮಾಡಿ ನೋಡಿರಲಿಲ್ಲ. ಇಂಥವರಿಂದಲೇ ನಮ್ಮ ಕಸುಬಿಗೆ ಮರ್ಯಾದೆ ಇಲ್ಲವಾಗಿದೆ.

ಆಮೇಲೆ ಕೇಬಲ್. ಬಣ್ಣ ಬಳಿಯುವವರು ಅದನ್ನು ಕಿತ್ತು, ತುದಿಯ ಪ್ಲಾಸ್ಟಿಕ್ ಕೊಕ್ಕೆಯನ್ನು ಮುರಿದು, ಮತ್ತೆ ತುರುಕಿದ್ದರು. ತುದಿ ಕತ್ತರಿಸಿ, ಎಂಟು ಎಳೆಗಳನ್ನು ಬಣ್ಣದ ಕ್ರಮಕ್ಕೆ ಜೋಡಿಸಿ ಹೊಸ ಪಿನ್ ಒತ್ತಿದೆ. ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತಿದವು. ಇಷ್ಟೇ ತೊಂದರೆ ಎಂದುಕೊಂಡು ಡಬ್ಬಿ ಚಾಲೂ ಮಾಡಿದೆ. ಟಿವಿಯ ಮೇಲೆ ಅದೇ ಬರಹ: ಇಂಟರ್ನೆಟ್ ಸಿಗುತ್ತಿಲ್ಲ.

ಸೆಟ್ಟಿಂಗಿಗೆ ಹೋಗಿ ಡಬ್ಬಿಯ ಐಪಿ ವಿಳಾಸ ನೋಡಿದೆ. ನೂರ ಅರವತ್ತೊಂಬತ್ತರಿಂದ ಶುರುವಾಗುವ ಸಂಖ್ಯೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮನೆಯೊಳಗಿನ ಪ್ರತಿಯೊಂದು ಯಂತ್ರಕ್ಕೂ ಮೋಡೆಮ್ ಒಂದು ಸಂಖ್ಯೆ ಕೊಡುತ್ತದೆ, ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ನಂಬರು ಕೊಟ್ಟ ಹಾಗೆ. ಯಾರೂ ಕೊಡದಿದ್ದರೆ ಯಂತ್ರ ತಾನೇ ಒಂದು ಸುಳ್ಳು ಸಂಖ್ಯೆ ಹಾಕಿಕೊಂಡು ಕೂರುತ್ತದೆ. ಅದೇ ಈ ನೂರ ಅರವತ್ತೊಂಬತ್ತು. ನಾನೇ ಕೈಯಾರೆ ಒಂದು ಸರಿಯಾದ ಸಂಖ್ಯೆ ಕೊಟ್ಟು ನೋಡಿದೆ. ಡಬ್ಬಿಗೆ ಮೋಡೆಮ್ ಸಿಕ್ಕಿತು, ಮೋಡೆಮ್ಮಿನಿಂದ ಆಚೆಗೆ ಏನೂ ಸಿಗಲಿಲ್ಲ. ಬಾಗಿಲವರೆಗೆ ಬಂದು ಹೊಸಿಲು ದಾಟಲಾರದೆ ನಿಂತ ಹಾಗೆ. ಬೇರೆ ಸಂಖ್ಯೆ, ಬೇರೆ ಡಿಎನ್ಎಸ್, ಮೋಡೆಮ್ ಆರಿಸಿ ಹತ್ತಿಸುವುದು, ಎಲ್ಲ ಆಯಿತು. ಮೋಡೆಮ್ಮಿನ ದೀಪಗಳೆಲ್ಲ ಸರಿಯಾಗಿಯೇ ಹತ್ತಿದ್ದವು. ಮನೆಗೆ ಇಂಟರ್ನೆಟ್ ಬರುತ್ತಿತ್ತು, ಡಬ್ಬಿಗೆ ಬರುತ್ತಿರಲಿಲ್ಲ.

“ಮನ್ಯಾಗ ಇಂಟರ್ನೆಟ್ಟಿಂದು ಬ್ಯಾರೆ ಏನರ ಐತೇನ್ರಿ?”

“ಏನಿಲ್ರಿ. ಕಂಪ್ಯೂಟರ್ ಇತ್ತು, ಸಿಡ್ಲ ಬಿದ್ದು ಸುಟ್ಟು ಹೋಗಿ ವರ್ಷಾತು,” ಅಂದಳು ಸೊಸೆ.

ನನ್ನ ಲ್ಯಾಪ್‌ಟಾಪ್ ತೆಗೆದು ಮೋಡೆಮ್ಮಿನ ಒಳಪುಟ ತೆರೆಯಲು ನೋಡಿದೆ. ಪಾಸ್‌ವರ್ಡ್ ಕೇಳಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುತ್ತದೆ, ಹೊಡೆದೆ, ಆಗಲಿಲ್ಲ. ಯಾರೋ ಬದಲಿಸಿ ಬೀಗ ಜಡಿದಿದ್ದರು. ಮೋಡೆಮ್ಮಿನ ಹಿಂದೆ ಒಂದು ಸಣ್ಣ ತೂತು ಇರುತ್ತದೆ, ಅದರೊಳಗೆ ಪಿನ್ ಒತ್ತಿ ಹಿಡಿದರೆ ಎಲ್ಲವೂ ಅಳಿಸಿ ಹೊಸದರಂತಾಗುತ್ತದೆ. ಪಿನ್ ಕೈಯಲ್ಲಿ ಹಿಡಿದಿದ್ದೆ. ಆದರೆ ಅಳಿಸಿದರೆ ಸಂಪರ್ಕದ ಬಳಕೆದಾರ ಹೆಸರೂ ಗುಪ್ತಪದವೂ ಹೋಗುತ್ತವೆ, ಅವನ್ನು ಬರೆದಿದ್ದ ಕಾಗದ ಬಣ್ಣ ಬಳಿಯುವ ಗದ್ದಲದಲ್ಲಿ ಕಳೆದುಹೋಗಿತ್ತು. ಟೆಲಿಫೋನ್ ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿಯ ಗುಮಾಸ್ತರು ಸಮಾಧಾನದಿಂದಲೇ ಹೇಳಿದರು, ಯಾರ ಹೆಸರಿನಲ್ಲಿ ಸಂಪರ್ಕವಿದೆಯೋ ಅವರ ಸಹಿಯ ಅರ್ಜಿ ಬೇಕು. ಸಹಿ ಮಾಡಬೇಕಾದವನು ದಮ್ಮಾಮಿನಲ್ಲಿದ್ದ. ಪಿನ್ನನ್ನು ಚೀಲಕ್ಕೆ ಹಾಕಿದೆ.

ತಿರುಗಿ ಬಂದು ಹೇಳಿದಾಗ ಹಿರಿಯಾಕೆ ಮಂಚದ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದರು.

“ಹಿಂಗ ಕೀಲಿ ಹಾಕಿದಾಂವ ಎಂಥಾಂವ ಇರಬೇಕ್ರಿ, ಸರ?”

“ಎಂಥಾಂವ ಅಂದ್ರ? ಹಲ್ಕಟ್ ಇರಬೇಕ್ರಿ. ಮಂದಿ ಮನಿಗೆ ಕೀಲಿ ಹಾಕಿ ಕೀಲಿಕೈ ತಮ್ಮ ಕಿಸೆದಾಗ ಇಟಕೊಂಡ್ ಹೋಗತಾರ. ಇವರದೊಂದ್ ಬಾಳ್ವೆ!”

“ಕಲತಾಂವನ ಇರಬೇಕಲ್ರಿ?”

“ಕಲತ್ರೇನ್ ಬಂತ್ರಿ, ಅಮ್ಮಾ. ನಾಚಿಕಿ ಇಲ್ಲದ ಜನ್ಮ.”

ಅವರು ತಲೆಯಾಡಿಸಿ ಇನ್ನೊಂದು ಅಡಕೆ ಎತ್ತಿಕೊಂಡರು. ಅಷ್ಟರಲ್ಲಿ ಕರೆಂಟ್ ಹೋಯಿತು. ಸಂಜೆಯವರೆಗೂ ಬರುವುದಿಲ್ಲ ಅಂದರು. ಬೈಯುತ್ತಲೇ ಬಸ್ಸು ಹಿಡಿದೆ.

ಶನಿವಾರ ಮತ್ತೆ ಹೋದೆ. ಈ ಸಲ ಹೊಸ ಕೇಬಲ್, ಮೋಡೆಮ್ಮಿಗೆ ಹೊಸ ಅಡಾಪ್ಟರ್, ಡಬ್ಬಿಯ ಹೊಸ ತಂತ್ರಾಂಶ ತುಂಬಿದ ಪೆನ್ ಡ್ರೈವ್ ತಂದಿದ್ದೆ. ಮಗು ನನ್ನ ಚೀಲದ ಪಕ್ಕದಲ್ಲೇ ಕೂತು ಒಂದೊಂದು ಸಾಮಾನನ್ನೂ ಎತ್ತಿ ನೋಡುತ್ತಿತ್ತು. ತಂತ್ರಾಂಶ ಏರಿಸಲು ಮುಕ್ಕಾಲು ತಾಸು ಹಿಡಿಯಿತು. ಆಗಿನ್ನೂ ಏರುತ್ತಿರುವಾಗಲೇ ಸೊಸೆ ಗೋಧಿ ಡಬ್ಬ ಹೊತ್ತು ಗಿರಣಿಗೆ ಹೋದಳು. ಮುಗಿದ ಮೇಲೆ ಮೋಡೆಮ್ಮನ್ನೂ ಡಬ್ಬಿಯನ್ನೂ ಆರಿಸಿ ಹತ್ತಿಸಿದೆ.

ಬಂತು!

ಡಬ್ಬಿಗೆ ಸರಿಯಾದ ಸಂಖ್ಯೆ ಬಂದಿತ್ತು. ವಿಡಿಯೊಗಳ ಪಟ್ಟಿ ತೆರೆದುಕೊಂಡಿತು. ಮೇಲಿನದನ್ನು ಒತ್ತಿದೆ. ತಡೆತಡೆದು ಒಂದು ಮುಖ ಮೂಡಿತು. ಬಿಸಿಲಿಗೆ ಸುಟ್ಟ ಮುಖ, ಹಿಂದೆ ಟ್ರೇಲರಿನ ಸೀಟು. “ಬೇಟೀ…” ಎಂದು ಶುರು ಮಾಡಿದ. ಮಗು ನನ್ನ ಸ್ಕ್ರೂಡ್ರೈವರ್ ಕೈಬಿಟ್ಟು ಎದ್ದು ನಿಂತಿತು. ಏನೋ ನೆನಪು ಬಂದಂತೆ ಬಾಯಿ ತೆರೆದುಕೊಂಡು ನೋಡುತ್ತಿತ್ತು. ನಾನಂತೂ ಎದೆ ಸೆಟೆಸಿ ಹಿರಿಯಾಕೆಯ ಕಡೆ ತಿರುಗಿದೆ.

“ಆತು ನೋಡ್ರಿ, ಅಮ್ಮಾ. ತಂತ್ರಾಂಶ ಹಳೇದಾಗಿತ್ತು.”

ಅಷ್ಟಕ್ಕೆ ಬಿಟ್ಟು ಹೋಗಿದ್ದರೆ ಆಗುತ್ತಿತ್ತೇನೋ. ಆದರೆ ಮಾಡಿದ ಕೆಲಸವನ್ನು ಇನ್ನೊಮ್ಮೆ ಆರಿಸಿ ಹತ್ತಿಸಿ ನೋಡದೆ ಮನೆ ಬಿಡಬಾರದು ಎಂಬುದು ನನ್ನ ಪದ್ಧತಿ. ವಿಡಿಯೊ ಅರ್ಧದಲ್ಲಿರುವಾಗ ಸೊಸೆ ಹಿಟ್ಟಿನ ಡಬ್ಬ ಹೊತ್ತು ಬಂದಳು, ನೋಡಿ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. “ಇನ್ನೊಂದ್ ಸಲ ಗಟ್ಟಿ ಮಾಡತೇನ್ರಿ,” ಎಂದು ಮೋಡೆಮ್ ಆರಿಸಿ ಹತ್ತಿಸಿದೆ. ದೀಪಗಳು ಬಂದವು. ಅಡುಗೆಮನೆಯಿಂದ ಟಿಂಗ್ ಎಂದು ಸದ್ದು ಕೇಳಿತು. ಡಬ್ಬಿ ಮಾತ್ರ ಮತ್ತೆ ನೂರ ಅರವತ್ತೊಂಬತ್ತು ತೋರಿಸುತ್ತಾ ಕೂತಿತು.

ನಾಲ್ಕು ಸಲ ಆರಿಸಿ ಹತ್ತಿಸಿದೆ. ಇಲ್ಲ. ಮಗು ಟಿವಿಯ ಗಾಜಿಗೆ ಕೈ ಬಡಿಯುತ್ತಾ ಅಳತೊಡಗಿತು. ಅದಕ್ಕೆ ಪೋಂವ್ ಬೇಕಿತ್ತು, ವಿಡಿಯೊ ಅಲ್ಲಿಯವರೆಗೆ ಹೋಗಿರಲೇ ಇಲ್ಲ. ಸೊಸೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ವಾಸಿಯಾಗುತ್ತಿತ್ತು. ಆ ಡಬ್ಬಿಯ ಮೇಲೆ, ಮೋಡೆಮ್ಮಿನ ಮೇಲೆ, ಅರ್ಧ ತಾಸಿನ ಹಿಂದೆ ಎದೆ ಸೆಟೆಸಿದ್ದ ನನ್ನ ಮೇಲೆ ಎಲ್ಲ ಸೇರಿ ಹೇಸಿಗೆಯಾಯಿತು.

ವಾಪಸು ಬರುವ ಬಸ್ಸಿನಲ್ಲಿ ಒಂದೇ ಯೋಚನೆ. ನಡುವೆ ನಡೆದದ್ದಕ್ಕೂ ಆಮೇಲೆ ನಡೆಯದ್ದಕ್ಕೂ ಏನು ವ್ಯತ್ಯಾಸ? ಅದೇ ಡಬ್ಬಿ, ಅದೇ ಕೇಬಲ್, ಅದೇ ಮೋಡೆಮ್. ಬದಲಾದದ್ದು ಸೊಸೆ ಹೊರಗೆ ಹೋದದ್ದು, ಒಳಗೆ ಬಂದದ್ದು. ಅವಳ ಕೈಯಲ್ಲಿ ಏನಿತ್ತು? ಹಿಟ್ಟಿನ ಡಬ್ಬ, ಪರ್ಸು. ಆಗ ಆ ಟಿಂಗ್ ಸದ್ದು ನೆನಪಾಯಿತು. ಗುರುವಾರವೂ ಪ್ರತಿ ಸಲ ಮೋಡೆಮ್ ಹತ್ತಿದಾಗ ಅಡುಗೆಮನೆಯಲ್ಲಿ ಟಿಂಗ್ ಅಂದಿತ್ತು. ಫೋನು! ಸೀಟಿನಿಂದಲೇ ಆ ಮನೆಗೆ ಫೋನ್ ಹಚ್ಚಿ ಕೇಳಿದೆ. ಹೌದಂತೆ, ತಿಂಗಳ ಹಿಂದೆ ಊರಿಗೆ ಬಂದ ಗೆಳೆಯನ ಕೈಯಲ್ಲಿ ಗಂಡ ಹೊಸ ಫೋನ್ ಕಳಿಸಿದ್ದನಂತೆ. ಅದಕ್ಕೆ ವೈಫೈ ಹಾಕಿಕೊಟ್ಟವನೂ ಆ ಗೆಳೆಯನೇ. ಮನೆಯವರ ಪಾಲಿಗೆ ಫೋನ್ ಅಂದರೆ ಫೋನ್, ಅದು ಇಂಟರ್ನೆಟ್ಟಿನ ಯಂತ್ರವಲ್ಲ. ಅದರಲ್ಲಿ ವಿಡಿಯೊ ಬರುತ್ತಿರಲಿಲ್ಲ, ಮೇಲ್ ಬಂದರೆ ಟಿಂಗ್ ಅನ್ನುತ್ತಿತ್ತು ಅಷ್ಟೆ.

ಫೋನ್ ಮನೆಯಲ್ಲಿದ್ದರೆ ಡಬ್ಬಿಗೆ ಜಾಗವಿಲ್ಲ. ಫೋನ್ ಹೊರಗೆ ಹೋದರೆ ಡಬ್ಬಿಗೆ ಜಾಗ ಸಿಗುತ್ತದೆ. ಅಂದರೆ ಆ ಮೋಡೆಮ್ ಒಂದೇ ಒಂದು ಸಂಖ್ಯೆ ಕೊಡುತ್ತದೆ. ಅಂಥ ಮೋಡೆಮ್ ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ, ಅದನ್ನು ಮನುಷ್ಯರು ಮಾಡಬೇಕು. ಯಾರು ಮಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು.

ನಾನು ಮೊದಲು ಕೆಲಸಕ್ಕಿದ್ದ ಅಂಗಡಿಯಲ್ಲಿ ಅದಕ್ಕೆ ಒಂಟಿ ಕೀಲಿ, ಅಂದರೆ ಒಬ್ಬರಿಗಷ್ಟೇ ತೆರೆಯುವ ಬೀಗ, ಎಂದು ಹೆಸರು. ಗಿರಾಕಿಯ ಮೋಡೆಮ್ಮನ್ನು ಅಂಗಡಿಯ ಮೇಜಿನ ಮೇಲೇ ಸೆಟ್ ಮಾಡಿ ಕೊಡುವಾಗ ಮಾಲೀಕ ಎರಡು ಬದಲಾವಣೆ ಮಾಡಿಸುತ್ತಿದ್ದ. ಹಂಚುವ ಸಂಖ್ಯೆ ಒಂದೇ ಇರಬೇಕು. ಆ ಒಂದು ಸಂಖ್ಯೆಯನ್ನು ಬಿಟ್ಟು ಬೇರಾವುದೂ ಹೊರಗೆ ಹೋಗದಂತೆ ತಡೆ ಇರಬೇಕು. ಮೇಲೆ ಅಂಗಡಿಯ ಪಾಸ್‌ವರ್ಡ್. ಗಿರಾಕಿ ನಾಳೆ ಎರಡನೆಯ ಯಂತ್ರ ತಂದರೆ ಅದು ನಡೆಯುವುದಿಲ್ಲ, ಅವನು ನಮ್ಮ ಬಾಗಿಲಿಗೇ ತಿರುಗಿ ಬರಬೇಕು. ಆ ಅಂಗಡಿ ಬಿಟ್ಟದ್ದು ಈ ಹೊಲಸಿಗೆ ಬೇಸತ್ತು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಭಾನುವಾರ ಆ ಮಾಲೀಕನ ಅಂಗಡಿಗೆ ಹೋದೆ. ಬಾಯಿ ತುಂಬ ಗುಟ್ಕಾ, ಮೇಜಿನ ಕೆಳಗೆ ಉಗಿಯುವ ಬಕೆಟ್ಟು. ಆ ಬಕೆಟ್ಟಿನ ಕಡೆ ನೋಡದೆ ನಿಂತು ಸವದತ್ತಿಯ ಆ ಮೋಡೆಮ್ಮಿನ ಪಾಸ್‌ವರ್ಡ್ ಕೇಳಿದೆ. ಮುಚ್ಚಿಡಲೂ ಇಲ್ಲ, ನಾಚಲೂ ಇಲ್ಲ.

“ಸವದತ್ತಿ ಗಿರಾಕಿ ನಿನ್ನ ಕಡೆ ಬಂದ್ರೇನ? ಬರಕೋ, ಅದರಾಗೇನೈತಿ,” ಎಂದು ಹೇಳಿ, ನಾನು ಹೊರಡುವಾಗ ನಕ್ಕ. “ಭಾಳ ಸ್ವಚ್ಛ ಮನಶ್ಯಾ ಆಗಿಯಲ್ಲೋ ಈಗ.”

ಅವನ ಮುಖಕ್ಕೆ ಉತ್ತರ ಕೊಡುವುದೂ ಹೊಲಸು ಎನಿಸಿ ಹೊರಗೆ ಬಂದೆ.

ಸೋಮವಾರ ಮೂರನೆಯ ಸಲ. ಮೊದಲು ಸೊಸೆಯ ಫೋನ್ ಆರಿಸಲು ಹೇಳಿ ಮೋಡೆಮ್ ಹತ್ತಿಸಿದೆ. ಡಬ್ಬಿ ಚಾಲೂ ಆಯಿತು. ಫೋನ್ ಹಚ್ಚಿಸಿ ಮೋಡೆಮ್ ಹತ್ತಿಸಿದೆ, ಡಬ್ಬಿ ಸತ್ತಿತು. ಅನುಮಾನ ನಿಜವಾಯಿತು. ಸೊಸೆಗೆ ಹಿಡಿಸಲಾರದಷ್ಟು ಖುಷಿ.

“ಹಂಗಾರ ವಿಡಿಯೊ ನೋಡೂ ಮುಂದ ಫೋನ್ ಬಂದ್ ಇಡತೇನ್ರಿ, ಅಣ್ಣಾರ. ಅಷ್ಟ ಸಾಕು.”

ಅಷ್ಟೇ ಸಾಕಾಗಿತ್ತು ನಿಜ. ನಾಲ್ಕು ಗಂಟೆಯ ಬಸ್ಸು ಸಿಗುತ್ತಿತ್ತು. ಆದರೆ ಹಿರಿಯಾಕೆ ನನ್ನ ಮುಖವನ್ನೇ ನೋಡುತ್ತಾ ಕೇಳಿದರು.

“ಸರ, ಇದು ಕಾಯಮ್ ಆತೇನ್ರಿ? ಕೀಲಿ ಹೋತೇನ್ರಿ?”

“ಇಲ್ರಿ. ಕೀಲಿ ಹಂಗ ಐತಿ.”

“ಮತ್ತ?”

ಆ ಮಾಲೀಕ ಇಲ್ಲಿದ್ದಿದ್ದರೆ ಇದನ್ನೇ ಮಾಡುತ್ತಿದ್ದ. ಫೋನ್ ಆರಿಸಿರಿ ಎಂದು ಹೇಳಿ ಎದ್ದು ಹೋಗುತ್ತಿದ್ದ. ನಾಳೆ ಇನ್ನೊಂದು ಯಂತ್ರ ಬಂದಾಗ ಮತ್ತೆ ಕರೆಯಲಿ ಎಂದು. ನನಗೂ ಅವನಿಗೂ ಇರುವ ವ್ಯತ್ಯಾಸ ತೋರಿಸಿಯೇ ಹೋಗುತ್ತೇನೆ ಎಂದು ಚೀಲ ಮತ್ತೆ ಬಿಚ್ಚಿದೆ. ಹೇಳುವುದಕ್ಕೆ ಈಗ ನಗು ಬರುತ್ತದೆ, ಆಗ ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ಲ್ಯಾಪ್‌ಟಾಪಿನಲ್ಲಿ ಮೋಡೆಮ್ಮಿನ ಪುಟ ತೆರೆದು ಮಾಲೀಕ ಕೊಟ್ಟ ಪಾಸ್‌ವರ್ಡ್ ಹೊಡೆದೆ. ತಪ್ಪು ಎಂದಿತು. ಅಕ್ಷರ ಎಣಿಸಿ ಎಣಿಸಿ ಮತ್ತೆ ಎರಡು ಸಲ ಹೊಡೆದೆ. ತಪ್ಪು. ನನ್ನ ಬಾಯಿ ಸುಮ್ಮನಿರಲಿಲ್ಲ. ಸುಳ್ಳ, ಕಳ್ಳ, ಬಕೆಟ್ಟಿನಾಗ ಮುಳುಗಿಸಬೇಕು ಇಂಥವರನ್ನ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ.

“ಬೈರಿ, ಬೈರಿ,” ಅಂದರು ಹಿರಿಯಾಕೆ. “ಮನಸ ಹಗರ ಆಗತೈತಿ.”

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಒಂಟಿ ಕೀಲಿ ಹಾಕಿದ ಮೋಡೆಮ್ಮಿನ ತಳದಲ್ಲಿ ಬಿಳಿ ಚೀಟಿ ಅಂಟಿಸಿ, ಬಾಲ್ ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿ ಅದರೊಳಗೆ ಒಂದು ಎಂದು ಬರೆಯುವುದು. ಕೆಳಗೆ ಗೀಟು ಎಳೆಯುವುದು. ಒಂದು ಗೀಟು ಇದ್ದರೆ ಮಾಲೀಕ ಹಾಕಿದ ಕೀಲಿ, ಎರಡಿದ್ದರೆ ಕೆಲಸದವನು ಹಾಕಿದ್ದು. ತಿರುಗಿ ಬಂದಾಗ ಯಾರ ಪಾಸ್‌ವರ್ಡ್ ಎಂದು ಗೊತ್ತಾಗಲಿ ಎಂದು. ಆ ಅಂಗಡಿಯಲ್ಲಿ ಕೆಲಸದವನು ಒಬ್ಬನೇ ಇದ್ದ.

ಮೋಡೆಮ್ಮನ್ನು ಮಗುಚಿದೆ. ತಳದಲ್ಲೂ ಹಸಿರು ಬಣ್ಣ ಮೆತ್ತಿಕೊಂಡಿತ್ತು. ಸೊಸೆಯಿಂದ ಚಿಮಣಿ ಎಣ್ಣೆ ಇಸಿದುಕೊಂಡು ಬಟ್ಟೆಗೆ ಅದ್ದಿ ತಿಕ್ಕಿದೆ, ಉಗುರಿನಿಂದ ಕೆರೆದೆ. ಚೀಟಿಯ ಅಂಚು ಕಂಡಿತು. ಸೊನ್ನೆ ಕಂಡಿತು. ಸೊನ್ನೆಯ ಕೆಳಗೆ ಒಂದು ಗೀಟು. ಇನ್ನಷ್ಟು ತಿಕ್ಕಿದೆ. ಅದರ ಕೆಳಗೆ ಇನ್ನೊಂದು.

ಬಲಕ್ಕೆ ತುಸು ಏರಿದ ಗೀಟುಗಳು, ನಾನು ಯಾವಾಗಲೂ ಎಳೆಯುವ ಹಾಗೆಯೇ. ಮಾಲೀಕ ಹಾಕಿಸುತ್ತಿದ್ದ, ನಾನು ಬರೀ ನೋಡುತ್ತಿದ್ದೆ ಎಂದು ವರ್ಷದಿಂದ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ಎಷ್ಟು ಮೋಡೆಮ್ಮುಗಳಿಗೆ ಈ ಕೈ ಎರಡು ಗೀಟು ಎಳೆದಿತ್ತೋ! ಈ ಮನೆಯದ್ದು ನನಗೆ ನೆನಪೂ ಇರಲಿಲ್ಲ. ಗುರುವಾರದಿಂದ ನಾನು ಹಲ್ಕಟ್ ಎಂದದ್ದು, ನಾಚಿಕೆ ಇಲ್ಲದ ಜನ್ಮ ಎಂದದ್ದು ಎಲ್ಲ ನನ್ನನ್ನೇ. ಬಾಯಲ್ಲಿ ಕಹಿ ಬಂದಂತಾಯಿತು, ಚಿಮಣಿ ಎಣ್ಣೆಯ ವಾಸನೆಗೋ ಇದಕ್ಕೋ ಗ್ರಹಿಸಲಾಗಲಿಲ್ಲ.

ನನ್ನ ಹಳೆಯ ಮೋಟಾರ್ ಸೈಕಲ್ಲಿನ ನಂಬರು ಹೊಡೆದೆ. ಒಂದೇ ಏಟಿಗೆ ಪುಟ ತೆರೆಯಿತು.

ಎಲ್ಲವೂ ನಾನು ಇಟ್ಟ ಹಾಗೆಯೇ ಇತ್ತು. ಹಂಚುವ ಸಂಖ್ಯೆ ಎರಡರಿಂದ ಎರಡರವರೆಗೆ, ಅಂದರೆ ಒಂದೇ ಯಂತ್ರಕ್ಕೆ. ಹೊರಗೆ ಹೋಗಲು ಅಪ್ಪಣೆ ಆ ಎರಡಕ್ಕೆ ಮಾತ್ರ. ಮೊದಲು ಕಂಪ್ಯೂಟರ್ ಆ ಜಾಗದಲ್ಲಿ ಕೂತಿತ್ತು, ಅದು ಸುಟ್ಟ ಮೇಲೆ ಡಬ್ಬಿ ಕೂತಿತು, ಫೋನ್ ಬಂದು ಡಬ್ಬಿಯನ್ನು ಎಬ್ಬಿಸಿತು. ತಡೆಯನ್ನು ಅಳಿಸಿದೆ. ಹಂಚುವ ಸಂಖ್ಯೆಯನ್ನು ಇಪ್ಪತ್ತರವರೆಗೆ ಹಿಗ್ಗಿಸಿದೆ. ಸಂಪರ್ಕದ ಬಳಕೆದಾರ ಹೆಸರನ್ನು ಆ ಪುಟದಿಂದ ನೋಡಿ ಕಾಗದಕ್ಕೆ ಇಳಿಸಿದೆ, ಅದರ ಕೆಳಗೆ ಮೋಡೆಮ್ಮಿಗೆ ಮನೆಯವರೇ ಆರಿಸಿದ ಹೊಸ ಪಾಸ್‌ವರ್ಡ್ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಸೊಸೆಯ ಫೋನ್ ಹಚ್ಚಿಯೇ ಇತ್ತು. ಮೋಡೆಮ್ ಹತ್ತಿಸಿದೆ. ಅಡುಗೆಮನೆಯಲ್ಲಿ ಟಿಂಗ್ ಅಂದಿತು, ಈಚೆ ಡಬ್ಬಿಯೂ ಹತ್ತಿತು.

ಮೂರು ವಾರದ ಹಿಂದಿನ ವಿಡಿಯೊ. ಕ್ಯಾಬಿನ್ನಿನಲ್ಲಿ ಕೂತವನು ಬೆರಳಲ್ಲಿ ದಿನ ಎಣಿಸಿ ತೋರಿಸಿದ, ಕೊನೆಗೆ ಕೆನ್ನೆ ಉಬ್ಬಿಸಿ ಪೋಂವ್ ಎಂದ. ಮಗು ಟಿವಿಯ ಹತ್ತಿರಕ್ಕೆ ಸರಿಯಿತು. ಆಮೇಲೆ ಅದೂ ಮೆಲ್ಲಗೆ ಪೋಂವ್ ಅಂದಿತು. ಸೊಸೆ ನಕ್ಕಳು, ಮತ್ತೆ ಹಾಕಿರಿ ಅಂದಳು. ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.

ಹಿರಿಯಾಕೆ ಅಡಕೆಯ ತಟ್ಟೆ ಬದಿಗಿಟ್ಟರು.

“ಯಾರ ಕೀಲಿ ಅಂತ ಗೊತ್ತಾತೇನ್ರಿ, ಸರ?”

ಚೀಟಿಯ ಮೇಲೆ ಬಟ್ಟೆ ಮುಚ್ಚಿ ಹಿಡಿದಿದ್ದೆ. “ಇಲ್ರಿ, ಅಮ್ಮಾ,” ಎಂದೆ. “ಯಾರೋ ಏನೋ.”

“ಆತು ಬಿಡ್ರಿ,” ಅಂದರು.

ಊರಿಗೆ ಬಂದು ಹಳೆಯ ನೋಟುಪುಸ್ತಕ ಹುಡುಕಿ ತೆಗೆದೆ. ಆ ಅಂಗಡಿಯಲ್ಲಿದ್ದಾಗ ನನ್ನ ಕೈಯಿಂದ ಹೋದ ಮೋಡೆಮ್ಮುಗಳ ಊರು, ಓಣಿ ಅದರಲ್ಲಿದ್ದವು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಒಂದೊಂದೇ ಮನೆಗೆ ಹೋಗತೊಡಗಿದೆ. “ಈ ಕಡೆ ಬಂದಿದ್ದೆ, ಸುಮ್ನ ಒಮ್ಮೆ ನೋಡಿ ಹೋಗೂಣು ಅಂತ,” ಎಂದು ಹೇಳಿ ಕೀಲಿ ತೆಗೆದು, ಚೀಟಿ ಕೆರೆದು ಬರುತ್ತಿದ್ದೆ. ಎಷ್ಟು ಒಳ್ಳೆಯ ಮನುಷ್ಯ ಎಂದು ಅವರು ಚಹಾ ಕೊಡುತ್ತಿದ್ದರು. ಆ ಚಹಾ ಕುಡಿಯುವಾಗೆಲ್ಲ ಮಾಲೀಕನ ಬಕೆಟ್ಟು ಕಣ್ಣಮುಂದೆ ಬರುತ್ತಿತ್ತು, ಆದರೂ ಕುಡಿಯುತ್ತಿದ್ದೆ.

ಆ ಮಗುವಿನ ಅಪ್ಪ ಬಂದ ಮರುವಾರ ಸವದತ್ತಿಯ ಇನ್ನೊಂದು ಮನೆಯ ಕೀಲಿ ತೆಗೆಯಲು ಹೋದವನು ಆ ಹಸಿರು ಮನೆಗೂ ಹಣಕಿ ಹಾಕಿದೆ. ಹಾಕದೆ ಇರಲಾಗಲಿಲ್ಲ, ಮಗು ಏನು ಮಾಡಿತು ಎಂದು ತಿಳಿಯಬೇಕಿತ್ತು. ಟಿವಿಯಲ್ಲಿ ನೋಡಿದ್ದಕ್ಕಿಂತ ದೊಡ್ಡ ಆಳು ಬಾಗಿಲು ತೆರೆದ. ಹೆಗಲ ಮೇಲೆ ಮಗು, ಅವನ ಕೂದಲು ಹಿಡಿದು ಕೂತಿತ್ತು.

“ಬಂದ ದಿನ ಕದದ ಹಿಂದ ಅಡಗಿತ್ರಿ,” ಎಂದಳು ಸೊಸೆ ಒಳಗಿನಿಂದ. “ನನಗ ಜೀವಾನ ಹಾರಿತ್ತು. ಆಮ್ಯಾಲೆ ಹಣಕಿ ನೋಡಿ, ‘ಪೋಂವ್ ಮಾಡು’ ಅಂತ ಹೇಳ್ತು. ಇವರು ಪೋಂವ್ ಅಂದ್ರು. ಬಂದು ತೊಡಿ ಮ್ಯಾಲ ಕುಂತ ಬಿಡ್ತ್ರಿ.”

ಅವನು ನನ್ನನ್ನು ದಿಟ್ಟಿಸಿ ನೋಡುತ್ತಿದ್ದ.

“ಅರೆ, ನೀವಾ! ಬೈಲಹೊಂಗಲದಾಗ ಆ ಅಂಗಡ್ಯಾಗ ನಮ್ಮ ಮೋಡೆಮ್ ಸೆಟ್ ಮಾಡಿ ಕೊಟ್ಟವರು ನೀವ ಅಲ್ರಿ? ಆವಾಗ ದಪ್ಪ ಮೀಸಿ ಇತ್ತು. ಅಮ್ಮೀ, ನೀನೂ ಬಂದಿದ್ದಿ ನೋಡು, ಸ್ಟೂಲಿನ ಮ್ಯಾಲ ಕುಂತಿದ್ದಿ. ಇವರ ಅಲ್ಲ?”

“ಇವರ,” ಅಂದರು ಹಿರಿಯಾಕೆ, ತಲೆ ಎತ್ತದೆ.

ನಾನು ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತೆ. ಅವನಿಗೆ ಏನೂ ಗೊತ್ತಿರಲಿಲ್ಲ; ಹಳೆಯ ಪರಿಚಯ ಸಿಕ್ಕಿತೆಂಬ ಖುಷಿಯಲ್ಲಿ ನನಗೆ ಕೊಡಲು ಏನೋ ಅತ್ತರಿನ ಶೀಶೆ ತರಲು ಒಳಗೆ ಹೋದ. ಸೊಸೆ ಚಹಾ ತಂದಿಟ್ಟು ಹೋದಳು. ಹಿರಿಯಾಕೆ ಮತ್ತು ನಾನು ಇಬ್ಬರೇ ಉಳಿದೆವು. ಆಗ ಅವರು ನನ್ನನ್ನು ಮೊದಲ ಸಲ ಏಕವಚನದಲ್ಲಿ ಮಾತಾಡಿಸಿದರು.

“ನಿನ್ನ ಹುಡುಕಿಸಿದ್ದ ಅದಕ್ಕ, ತಮ್ಮಾ. ಹಾಕಿದಾಂವಗ ತಗಿಯಾಕ ಬರತೈತಿ ಅಂತ. ನೀ ಬಂದಿ, ಬೈಕೋತ ಕುಂತಿ. ಬೈಲಿ ಬಿಡು ಅಂತ ನಾನೂ ಕೇಳಕೋತ ಕುಂತೆ. ಅಷ್ಟೆಲ್ಲ ಬೈದಿ. ಕಡೀಗೆ ನಾ ಕೇಳಿದಾಗ ಒಂದ ಸಲ ‘ನಾನರೀ’ ಅಂದಿದ್ರ ಮುಗೀತಿತ್ತು.”

“ನಾನರೀ, ಅಮ್ಮಾ,” ಎಂದೆ.

“ಈಗ ಅಂದ್ರ ಏನ್ ಬಂತು. ಚಾ ಆರತೈತಿ, ಕುಡಿ.”

ಅತ್ತರು ಬೇಡವೆಂದರೂ ಅವನು ಜೇಬಿಗೆ ತುರುಕಿದ. ಮರುದಿನ ರಾಮದುರ್ಗಕ್ಕೆ ಹೋದೆ. ಪಟ್ಟಿಯಲ್ಲಿ ಮುಂದಿನದು ಅಲ್ಲಿಯ ಸೀರೆ ವ್ಯಾಪಾರಿಯೊಬ್ಬರ ಮನೆ. ಬಾಗಿಲು ಬಡಿದೆ. ಯಜಮಾನರೇ ಹೊರಗೆ ಬಂದು ನನ್ನನ್ನೂ ನನ್ನ ಚೀಲವನ್ನೂ ನೋಡಿದರು.

“ಯಾರ್ರಿ? ಏನ್ ಬೇಕಾಗಿತ್ರಿ?”

ಈ ಕಡೆ ಬಂದಿದ್ದೆ, ಸುಮ್ನ ನೋಡಿ ಹೋಗೂಣು ಅಂತ ಎಂಬ ಮಾತು ನಾಲಗೆಯ ತುದಿಗೆ ತಾನಾಗಿಯೇ ಬಂತು. ಅದನ್ನು ನುಂಗಿದೆ.

“ನಿಮ್ಮ ಮೋಡೆಮ್ಮಿಗೆ ಕೀಲಿ ಹಾಕಿದಾಂವ ನಾನರೀ,” ಎಂದೆ. “ತಗಿಯಾಕ ಬಂದೇನಿ.”